ಮುಂದಿನ ತುಂಡಿನ ಮುನ್ನೋಟ

ಬೀಳುವ ಇಟ್ಟಿಗೆಗಳ ವಿಡಿಯೋ ಆಟಗಳಲ್ಲಿ, ಈಗ ಕೆಳಗಿಳಿಯುತ್ತಿರುವ ತುಂಡಿನ ನಂತರ ಯಾವುದು ಬರಲಿದೆ ಎಂಬುದನ್ನು ಅಂಕಣದ ಪಕ್ಕದಲ್ಲೋ ಮೇಲೋ ಇರುವ ಚಿಕ್ಕ ಚೌಕದಲ್ಲಿ ಮೊದಲೇ ತೋರಿಸುವ ಏರ್ಪಾಟೇ ಮುನ್ನೋಟ. ಆಡುವವರು ಇದನ್ನು ‘ನೆಕ್ಸ್ಟ್’ ಎಂದೇ ಕರೆಯುತ್ತಾರೆ. ಟೆಟ್ರಿಸ್ ಈ ಬಗೆಯ ಆಟಗಳ ಮೂಲ. ಕಾಲಮ್ಸ್, ಡಾಕ್ಟರ್ ಮಾರಿಯೋ, ಪುಯೋ ಪುಯೋ, ಲ್ಯೂಮಿನಸ್ ಮೊದಲಾದವು ಅದರ ಹಾದಿ ಹಿಡಿದು ಬಂದವು. ಇವುಗಳಲ್ಲಿ ಬಹುಪಾಲು ಆಟಗಳು ಮುನ್ನೋಟವನ್ನು ಒಂದಲ್ಲ ಒಂದು ರೂಪದಲ್ಲಿ ಇಟ್ಟುಕೊಂಡಿವೆ.

ನೋಡಲು ಇದು ತೀರ ಸಣ್ಣ ಸಂಗತಿ. ಆದರೆ ಈ ಚೌಕವನ್ನು ಮುಚ್ಚಿಟ್ಟು ಆಡಿದರೆ ಅದು ಕೈಚುರುಕಿನ ಆಟವಾಗಿ ಉಳಿಯುತ್ತದೆ, ತೆರೆದಿಟ್ಟರೆ ಲೆಕ್ಕಾಚಾರದ ಆಟವಾಗುತ್ತದೆ. ಎಷ್ಟು ತುಂಡುಗಳನ್ನು ತೋರಿಸಬೇಕು, ತೋರಿಸದೆ ಉಳಿದವುಗಳ ಬಗ್ಗೆ ಯಂತ್ರ ಏನು ಭರವಸೆ ಕೊಡಬೇಕು ಎಂಬ ಎರಡು ಪ್ರಶ್ನೆಗಳನ್ನು ಜೊತೆಯಲ್ಲೇ ನೋಡಬೇಕು. ಬಿಡಿಬಿಡಿಯಾಗಿ ನೋಡಿದರೆ ಮುನ್ನೋಟದ ನಿಜವಾದ ಬೆಲೆ ತಿಳಿಯುವುದಿಲ್ಲ.

ಒಂದು ಚೌಕ ಮಾಡುವ ಕೆಲಸ

ಟೆಟ್ರಿಸ್‌ನ ಅಂಕಣ 10 ಮನೆ ಅಗಲ, 20 ಮನೆ ಎತ್ತರ. ತುಂಡುಗಳು ಏಳು ಬಗೆ. ಪ್ರತಿಯೊಂದರಲ್ಲೂ ನಾಲ್ಕು ಮನೆ. ಆಕಾರ ನೋಡಿ ಇವಕ್ಕೆ ಐ, ಒ, ಟಿ, ಎಲ್, ಜೆ, ಎಸ್, ಜೆಡ್ ಎಂಬ ಅಕ್ಷರಗಳ ಹೆಸರಿದೆ. ಐ ಎಂದರೆ ಉದ್ದ ಕಡ್ಡಿ, ಒ ಎಂದರೆ ಚೌಕ. ಒಂದು ಸಾಲಿನ ಹತ್ತೂ ಮನೆ ತುಂಬಿದರೆ ಆ ಸಾಲು ಅಳಿದು ಮೇಲಿನದು ಕೆಳಗಿಳಿಯುತ್ತದೆ.

ಖಾಲಿ ಅಂಕಣದಲ್ಲಿ ಚೌಕವನ್ನು 9 ಕಡೆ ಇಳಿಸಬಹುದು. ಉದ್ದ ಕಡ್ಡಿಯನ್ನು ನಿಲ್ಲಿಸಿ 10 ಕಡೆ, ಮಲಗಿಸಿ 7 ಕಡೆ, ಒಟ್ಟು 17. ಎಸ್ ಮತ್ತು ಜೆಡ್‌ಗಳಿಗೂ ತಲಾ 17. ಟಿ, ಎಲ್, ಜೆ ನಾಲ್ಕು ದಿಕ್ಕಿಗೂ ತಿರುಗುವುದರಿಂದ ತಲಾ 34. ಮುನ್ನೋಟವಿಲ್ಲದಿದ್ದರೆ ಕೈಯಲ್ಲಿರುವ ಟಿಗೆ 34 ಆಯ್ಕೆ, ಅಷ್ಟೇ. ಪಕ್ಕದ ಚೌಕದಲ್ಲಿ ಎಲ್ ಕಂಡಿತೆನ್ನಿ, ಈಗ ತೂಗಿ ನೋಡಬೇಕಾದ ಜೋಡಿಗಳು 34 ಗುಣಿಸು 34, ಅಂದರೆ 1,156. ಮೂರನೆಯದಾಗಿ ಜೆ ಕಂಡರೆ 39,304. ಇಷ್ಟನ್ನೂ ಯಾರೂ ಲೆಕ್ಕ ಹಾಕಿ ಆಡುವುದಿಲ್ಲ. ಪಳಗಿದ ಕಣ್ಣು ಹತ್ತಾರನ್ನು ಬದಿಗೊತ್ತಿ ಎರಡು ಮೂರನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಮುನ್ನೋಟ ಕೆಲಸವನ್ನು ಹಗುರ ಮಾಡುತ್ತದೆ ಎಂಬ ಸಾಮಾನ್ಯ ನಂಬಿಕೆ ಅರ್ಧ ಸತ್ಯ ಎಂಬುದು ಇಲ್ಲೇ ಗೊತ್ತಾಗುತ್ತದೆ.

ಒಂದು ಸಂದರ್ಭವನ್ನು ಹತ್ತಿರದಿಂದ ನೋಡೋಣ. ಎಡದ ಏಳು ಕಂಬಗಳು ತೂತಿಲ್ಲದೆ 4 ಮನೆ ಎತ್ತರಕ್ಕೆ ನಿಂತಿವೆ. ಎಂಟು ಮತ್ತು ಒಂಬತ್ತನೆಯ ಕಂಬಗಳು 3 ಮನೆ ಎತ್ತರ. ಬಲತುದಿಯ ಹತ್ತನೆಯ ಕಂಬ ಪೂರ್ತಿ ಖಾಲಿ, ಬಾವಿಯ ಹಾಗೆ. ಈಗ ಚೌಕ ಇಳಿಯುತ್ತಿದ್ದು ಮುಂದೆ ಉದ್ದ ಕಡ್ಡಿ ಬರುವುದಿದ್ದರೆ ಯೋಚನೆಯೇ ಬೇಡ. ಚೌಕವನ್ನು ಆ ಎರಡು ತಗ್ಗು ಕಂಬಗಳ ಮೇಲೆ ಕೂರಿಸಿ ಕಡ್ಡಿಯನ್ನು ಬಾವಿಗೆ ಇಳಿಸಿದರೆ ನಾಲ್ಕು ಸಾಲು ಒಟ್ಟಿಗೆ ಅಳಿಯುತ್ತವೆ. ಆದರೆ ಸರದಿ ತಿರುಗುಮುರುಗಾಗಿ, ಕಡ್ಡಿ ಕೈಯಲ್ಲಿದ್ದು ಚೌಕ ಮುನ್ನೋಟದಲ್ಲಿದ್ದರೆ? ಕಡ್ಡಿಯನ್ನು ಈಗಲೇ ಇಳಿಸಿದರೆ ಮೂರೇ ಸಾಲು. ನಿಂಟೆಂಡೋದ 1989ರ ಟೆಟ್ರಿಸ್‌ನಲ್ಲಿ ಮೊದಲ ಹಂತದಲ್ಲಿ ಮೂರು ಸಾಲಿಗೆ 300 ಅಂಕ, ನಾಲ್ಕಕ್ಕೆ 1,200. ಕಡ್ಡಿಯನ್ನು ಎಡಗಡೆ ಮಲಗಿಸಿ, ಚೌಕವನ್ನು ತಗ್ಗಿಗೆ ತುಂಬಿ, ಇನ್ನೊಂದು ಕಡ್ಡಿಗಾಗಿ ಕಾಯುವುದು ಎರಡನೆಯ ದಾರಿ. ಮುನ್ನೋಟ ಇಲ್ಲದ ಆಟಗಾರ ಸಿಕ್ಕಿದ 300ನ್ನು ತೆಗೆದುಕೊಂಡು ಮುಂದೆ ಹೋಗುತ್ತಾನೆ. ಮುನ್ನೋಟವಿದ್ದವನ ಮುಂದೆ ಮಾತ್ರ ಕಾಯಲೋ ಬೇಡವೋ ಎಂಬ ಪ್ರಶ್ನೆ ನಿಲ್ಲುತ್ತದೆ. ಆ ಪ್ರಶ್ನೆಗೆ ಉತ್ತರ ಅವನ ಜಾಣತನದಲ್ಲಿಲ್ಲ. ಯಂತ್ರ ತುಂಡುಗಳನ್ನು ಆರಿಸುವ ಬಗೆಯಲ್ಲಿದೆ.

ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಬೆಳಿಗ್ಗೆ ನಿಲ್ಲುವವರಿಗೆ ಈ ಸಂದಿಗ್ಧ ಹೊಸದಲ್ಲ. ಕಲ್ಯಾಣಿನಿಂದ ತುಂಬಿ ಬಂದ ಗಾಡಿ ಎದುರಿಗೆ ನಿಂತಿರುತ್ತದೆ. ಮುಂದಿನದು ಡೊಂಬಿವಲಿಯಿಂದಲೇ ಹೊರಡುವ ಲೋಕಲ್ ಎಂದು ಇಂಡಿಕೇಟರ್ ತೋರಿಸುತ್ತಿರುತ್ತದೆ. ಎದುರಿಗಿರುವುದನ್ನು ಬಿಡಬೇಕೋ ಹತ್ತಬೇಕೋ ಎಂಬುದು ಆ ಫಲಕದ ಮೇಲೆ, ಮತ್ತು ಫಲಕ ಹೇಳಿದ ಗಾಡಿ ಹೇಳಿದ ಹೊತ್ತಿಗೆ ಬರುತ್ತದೆಂಬ ನಂಬಿಕೆಯ ಮೇಲೆ ನಿಂತಿದೆ.

ಮಾಸ್ಕೋದಿಂದ ಹೊರಟ ಆಟ

ಅಲೆಕ್ಸಿ ಪಾಜಿತ್ನೋವ್ 1984ರಲ್ಲಿ ಮಾಸ್ಕೋದ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಎಲೆಕ್ಟ್ರೋನಿಕಾ 60 ಎಂಬ ಕಂಪ್ಯೂಟರಿನ ಮೇಲೆ ಟೆಟ್ರಿಸ್ ಬರೆದರು. ಐದು ಮನೆಯ ತುಂಡುಗಳನ್ನು ಪೆಟ್ಟಿಗೆಯಲ್ಲಿ ಜೋಡಿಸುವ ಪೆಂಟೊಮಿನೊ ಎಂಬ ಹಳೆಯ ಒಗಟು ಅವರಿಗೆ ಪ್ರೇರಣೆ. ಆ ಯಂತ್ರಕ್ಕೆ ಚಿತ್ರ ಬಿಡಿಸುವ ಶಕ್ತಿ ಇರಲಿಲ್ಲವಾದ್ದರಿಂದ ತುಂಡುಗಳನ್ನು ಆವರಣ ಚಿಹ್ನೆಗಳಿಂದ ಕಟ್ಟಿದರು. ಇಂಥ ಬಡ ಪರದೆಯ ಮೇಲೂ ಮುನ್ನೋಟಕ್ಕೆ ಜಾಗವಿತ್ತು ಎಂಬುದು ಗಮನಿಸಬೇಕಾದ ಮಾತು. ಪರದೆಯ ಪಕ್ಕದಲ್ಲಿ ರಷ್ಯನ್ ಭಾಷೆಯಲ್ಲಿ ಕೀಲಿಗಳ ಪಟ್ಟಿ ಇರುತ್ತಿತ್ತು. 7 ಒತ್ತಿದರೆ ಎಡಕ್ಕೆ, 9 ಬಲಕ್ಕೆ, 8 ತಿರುಗಿಸಲು. 1 ಒತ್ತಿದರೆ ಮುಂದಿನ ತುಂಡನ್ನು ತೋರಿಸು. ಅಂದರೆ ಹುಟ್ಟಿನಿಂದಲೇ ಮುನ್ನೋಟ ಆಟದ ಭಾಗ, ಆದರೆ ಆಡುವವರು ಕೇಳಿ ಪಡೆಯಬೇಕಾದ ಭಾಗ. ಐಬಿಎಂ ಪಿಸಿಗೆ ಆಟವನ್ನು ತಂದ ತಂಡದಲ್ಲಿ ಪಾಜಿತ್ನೋವ್ ಜೊತೆ ಡಿಮಿತ್ರಿ ಪಾವ್ಲೋವ್‌ಸ್ಕಿ ಹಾಗೂ ಆಗಿನ್ನೂ ಶಾಲಾ ಹುಡುಗನಾಗಿದ್ದ ವಾದಿಮ್ ಗೆರಾಸಿಮೋವ್ ಇದ್ದರು.

ಬೇಕಾದರೆ ನೋಡು, ಬೇಡವಾದರೆ ಬಿಡು ಎಂಬ ಈ ಧೋರಣೆ ಮುಂದೆಯೂ ಉಳಿಯಿತು. 1989ರ ನಿಂಟೆಂಡೋ ಆವೃತ್ತಿಯಲ್ಲೂ ಅದೇ ವರ್ಷದ ಗೇಮ್ ಬಾಯ್ ಆವೃತ್ತಿಯಲ್ಲೂ ಸೆಲೆಕ್ಟ್ ಗುಂಡಿ ಒತ್ತಿದರೆ ಮುನ್ನೋಟದ ಚೌಕ ಖಾಲಿಯಾಗುತ್ತದೆ, ಮತ್ತೆ ಒತ್ತಿದರೆ ತುಂಬುತ್ತದೆ. ಬಿಎಸ್‌ಡಿ ಯೂನಿಕ್ಸ್ ಜೊತೆ ಬರುವ ಟೆಟ್ರಿಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮುನ್ನೋಟಕ್ಕೆ ದರ ಕಟ್ಟಿತು. ಅದನ್ನು ಆನ್ ಮಾಡಿಕೊಂಡು ಆಡಿದವರ ಅಂಕವನ್ನು 0.75ರಿಂದ ಗುಣಿಸಲಾಗುತ್ತದೆ, ನಾಲ್ಕರಲ್ಲಿ ಒಂದು ಪಾಲು ಕಡಿತ. ಮುನ್ನೋಟ ಎಷ್ಟು ಉಪಕಾರಿ ಎಂಬುದನ್ನು ಅಂಕಿಯಲ್ಲೇ ಒಪ್ಪಿಕೊಂಡ ಪ್ರಾಮಾಣಿಕ ನಿಯಮ ಇದು. ಇಂದಿನ ಮೊಬೈಲ್ ಆಟಗಳಲ್ಲಿ ಇಂಥ ಆಯ್ಕೆ ಮಾಯವಾಗಿರುವುದು ನಷ್ಟವೇ ಸರಿ.

ಬ್ರಿಕ್ ಗೇಮ್

ಮುಂಬಯಿ ಹೊರವಲಯದ ಕನ್ನಡ ಮನೆಗಳಿಗೆ ಈ ಆಟ ಬಂದದ್ದು ಟೆಟ್ರಿಸ್ ಎಂಬ ಹೆಸರಿನಲ್ಲಲ್ಲ. 1990ರ ದಶಕದಲ್ಲಿ ಚೀನಾದಿಂದ ಬಂದ, ‘9999 ಇನ್ 1’ ಎಂದು ಮೈಮೇಲೆ ಬರೆದುಕೊಂಡಿದ್ದ, ಬ್ಯಾಟರಿ ಸೆಲ್ ಹಾಕಿ ಆಡುವ ಬ್ರಿಕ್ ಗೇಮ್ ಆಗಿ ಅದು ಬಂತು. ಥಾಣೆ, ಕಲ್ಯಾಣ್, ವಾಶಿಗಳ ಆಟಿಕೆ ಅಂಗಡಿಗಳಲ್ಲೂ ಸ್ಟೇಷನ್ ಹೊರಗಿನ ಫುಟ್‌ಪಾತ್ ಗಾಡಿಗಳಲ್ಲೂ ದೇಶದ ಬೇರೆಡೆಯಂತೆಯೇ ಅದು ಸಿಗುತ್ತಿತ್ತು. ಟಿ.ವಿ.ಗೆ ಜೋಡಿಸುವ ಎಂಟು ಬಿಟ್ಟಿನ ಆಟದ ಪೆಟ್ಟಿಗೆ ಕೊಳ್ಳಲು ಯೋಚಿಸುತ್ತಿದ್ದ ಮಧ್ಯಮವರ್ಗದ ಮನೆಗಳೂ ಈ ಅಗ್ಗದ ವಸ್ತುವನ್ನು ರಜೆಯ ಹೊತ್ತಿಗೆ ಮಕ್ಕಳ ಕೈಗೆ ಕೊಟ್ಟವು. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದ ಮೇಲೆ, ಮೇ ತಿಂಗಳಲ್ಲಿ ಥಾಣೆಯಲ್ಲೋ ಪನ್ವೇಲಿನಲ್ಲೋ ಮತ್ಸ್ಯಗಂಧ ಹತ್ತಿ ಉಡುಪಿ, ಮಂಗಳೂರು ಕಡೆಯ ಊರಿಗೆ ಹೊರಟ ಮಕ್ಕಳಿಗೆ ದಾರಿ ಸವೆಸಲು ಇದು ಹೇಳಿ ಮಾಡಿಸಿದ ಆಟ. ಅಣ್ಣ ಆಡುವಾಗ ತಂಗಿ ಪಕ್ಕದಿಂದ ನೆಕ್ಸ್ಟ್ ನೋಡಿ ‘ಕಡ್ಡಿ ಬರ್ತಿದೆ, ಕಡ್ಡಿ!’ ಎಂದು ಕೂಗುವುದು ಆಗಿನ ಮನೆಗಳಲ್ಲಿ ಮಾಮೂಲು. ಆಡದೆ ನೋಡುವವರನ್ನೂ ಆಟದೊಳಗೆ ಎಳೆದುಕೊಳ್ಳುವ ಗುಣ ಮುನ್ನೋಟಕ್ಕಿದೆ. ಆಡುವವನ ಕಣ್ಣು ಬೀಳುವ ತುಂಡಿನ ಮೇಲೆ ನೆಟ್ಟಿರುವಾಗ ಪಕ್ಕದವರಿಗೆ ಮುಂದಿನದು ಮೊದಲು ಕಾಣುತ್ತದೆ.

ಬ್ರಿಕ್ ಗೇಮಿನ ಪರದೆಯ ರಚನೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅದು ಇಂದಿನ ಮೊಬೈಲಿನಂತೆ ಯಾವ ಚಿತ್ರವನ್ನಾದರೂ ಮೂಡಿಸಬಲ್ಲ ಪರದೆಯಲ್ಲ. ಕಾರ್ಖಾನೆಯಲ್ಲೇ ಅಚ್ಚಾದ ಕಪ್ಪು ಮನೆಗಳು ಹೊತ್ತುವುದು, ಆರುವುದು, ಇಷ್ಟೇ. ಮುಖ್ಯ ಅಂಕಣಕ್ಕೆ 10 ಗುಣಿಸು 20, ಬಲಗಡೆ ನೆಕ್ಸ್ಟ್‌ಗೆ ಎಂದೇ 4 ಗುಣಿಸು 4 ಮನೆಗಳ ಇನ್ನೊಂದು ಪುಟ್ಟ ಜಾಲ. ಕಾರ್ ರೇಸ್, ಟ್ಯಾಂಕ್ ಮುಂತಾದ ಬೇರೆ ಆಟಗಳಲ್ಲಿ ಅದೇ ಪುಟ್ಟ ಜಾಲ ಉಳಿದ ಜೀವಗಳನ್ನು ತೋರಿಸುತ್ತಿತ್ತು. ಬೆಲೆಯನ್ನು ಪೈಸೆ ಪೈಸೆ ಲೆಕ್ಕ ಹಾಕಿ ಇಳಿಸಿದ ಯಂತ್ರದಲ್ಲೂ ತಯಾರಕರು 16 ಹೆಚ್ಚುವರಿ ಮನೆಗಳ ಖರ್ಚನ್ನು ಮುನ್ನೋಟಕ್ಕಾಗಿ ಒಪ್ಪಿಕೊಂಡರು. ಅದಿಲ್ಲದೆ ಆಟ ಪೂರ್ತಿಯಲ್ಲ ಎಂಬುದು ಆ ಹೊತ್ತಿಗೆ ಎಲ್ಲರಿಗೂ ತಿಳಿದಿತ್ತು.

ಚೀಟಿ ಎತ್ತುವ ಬಗೆ

ಮುಂದಿನ ತುಂಡನ್ನು ಯಂತ್ರ ಆರಿಸುವುದಕ್ಕೆ ಹಲವು ವಿಧಾನಗಳಿವೆ. ಪ್ರತಿ ಸಲವೂ ಏಳರಲ್ಲಿ ಒಂದನ್ನು ಹಿಂದುಮುಂದು ನೋಡದೆ ಎತ್ತುವುದು ಎಲ್ಲಕ್ಕಿಂತ ಸರಳ. ಹೀಗೆ ಎತ್ತಿದರೆ ಸತತ 20 ತುಂಡುಗಳಲ್ಲಿ ಒಂದೂ ಉದ್ದ ಕಡ್ಡಿ ಬಾರದಿರುವ ಸಂಭವ ಸುಮಾರು ನೂರಕ್ಕೆ 4.6. ಕೇಳಲು ಕಡಿಮೆ ಎನಿಸಿದರೂ, ಸಾವಿರಾರು ತುಂಡು ಬೀಳುವ ದೀರ್ಘ ಆಟದಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ. ನಿಂಟೆಂಡೋದ 1989ರ ಆವೃತ್ತಿಯಲ್ಲಿ ಸ್ವಲ್ಪ ತಿದ್ದುಪಡಿ ಇದೆ. ಹಿಂದಿನ ತುಂಡೇ ಮತ್ತೆ ಬಂದರೆ ಯಂತ್ರ ಒಂದು ಸಲ ಮಾತ್ರ ಮರು ಆಯ್ಕೆ ಮಾಡುತ್ತದೆ. ಆಗಲೂ ಅದೇ ಬಂದರೆ ಅದೇ ಗಟ್ಟಿ. ಇದರಿಂದ ಬರ ತಪ್ಪುವುದಿಲ್ಲ. 2010ರಿಂದ ನಡೆಯುತ್ತಿರುವ ಕ್ಲಾಸಿಕ್ ಟೆಟ್ರಿಸ್ ವಿಶ್ವ ಚಾಂಪಿಯನ್‌ಶಿಪ್ಪಿನ ಪ್ರಸಾರದಲ್ಲಿ ಕಡ್ಡಿ ಬಾರದೆ ಎಷ್ಟು ತುಂಡುಗಳಾದವು ಎಂದು ಎಣಿಸುವ ಅಂಕಿಯನ್ನೇ ಪರದೆಯ ಮೇಲೆ ಹಾಕುತ್ತಾರೆ.

ಜಪಾನಿನ ಅರಿಕಾ ಕಂಪನಿ 1998ರಲ್ಲಿ ತಂದ ಟೆಟ್ರಿಸ್ ದಿ ಗ್ರ್ಯಾಂಡ್ ಮಾಸ್ಟರ್ ಕೊನೆಯ ನಾಲ್ಕು ತುಂಡುಗಳನ್ನು ನೆನಪಿಟ್ಟುಕೊಂಡು, ಅವು ಮತ್ತೆ ಬಾರದಂತೆ ಕೆಲವು ಸಲ ಪ್ರಯತ್ನಿಸುತ್ತದೆ.

ಚೀಲದ ವಿಧಾನ ಇವೆಲ್ಲಕ್ಕಿಂತ ಬೇರೆ. ಏಳು ತುಂಡುಗಳನ್ನೂ ಒಂದು ಚೀಲಕ್ಕೆ ಹಾಕಿ ಕಲಸಿ, ಒಂದೊಂದಾಗಿ ತೆಗೆದು, ಚೀಲ ಬರಿದಾದ ಮೇಲೆ ಹೊಸ ಚೀಲ ತುಂಬುವುದು. ಏಳನ್ನು ಸಾಲಾಗಿ ಇಡಬಹುದಾದ ಬಗೆಗಳು 5,040. ಈ ಕ್ರಮದಲ್ಲಿ ಎರಡು ಉದ್ದ ಕಡ್ಡಿಗಳ ನಡುವೆ ಹೆಚ್ಚೆಂದರೆ 12 ಬೇರೆ ತುಂಡುಗಳು ಬರಬಹುದು. ಕಾಡುವ ಎಸ್, ಜೆಡ್‌ಗಳು ಒಟ್ಟಿಗೆ ಸತತ ನಾಲ್ಕಕ್ಕಿಂತ ಹೆಚ್ಚು ಬರಲಾರವು. 2001ರ ಟೆಟ್ರಿಸ್ ವರ್ಲ್ಡ್ಸ್‌ನಿಂದೀಚೆಗೆ ಅಧಿಕೃತ ಆವೃತ್ತಿಗಳಲ್ಲಿ ಇದೇ ಬಳಕೆಗೆ ಬಂತು.

ಮೊದಲಿನ ಸಂದರ್ಭಕ್ಕೆ ಹಿಂತಿರುಗಿದರೆ ವ್ಯತ್ಯಾಸ ಢಾಳಾಗಿ ಕಾಣುತ್ತದೆ. ಕಡ್ಡಿ ಕೈಯಲ್ಲಿ, ಚೌಕ ಮುನ್ನೋಟದಲ್ಲಿ. ಚೀಲದ ಆಟದಲ್ಲಿ ಕಡ್ಡಿಯನ್ನು ಮಲಗಿಸಿ ಕಾಯಲು ಹೊರಟವನಿಗೆ, ಹೆಚ್ಚೆಂದರೆ ಹದಿಮೂರನೆಯ ತುಂಡಾಗಿಯಾದರೂ ಇನ್ನೊಂದು ಕಡ್ಡಿ ಬಂದೇ ಬರುತ್ತದೆ ಎಂಬ ಖಾತರಿ ಇದೆ. ಹಳೆಯ ವಿಧಾನದಲ್ಲಿ ಆ ಖಾತರಿ ಇಲ್ಲ. ಅಲ್ಲಿ ಕಾಯುವುದು ನಿಜವಾದ ಜೂಜು. ಇಬ್ಬರಿಗೂ ಪರದೆಯ ಮೇಲೆ ಕಾಣುತ್ತಿರುವುದು ಒಂದೇ ಚೌಕ. ಆದರೂ ಒಬ್ಬನಿಗೆ ಮುನ್ನೋಟದ ಆಚೆಗೂ ದಾರಿ ಕಾಣುತ್ತದೆ, ಇನ್ನೊಬ್ಬನಿಗೆ ಇಲ್ಲ.

ಹೋಲ್ಡ್ ಮತ್ತು ಉದ್ದ ಸರದಿ

ನಿಂಟೆಂಡೋ 64 ಯಂತ್ರಕ್ಕಾಗಿ 1999ರಲ್ಲಿ ಬಂದ ದಿ ನ್ಯೂ ಟೆಟ್ರಿಸ್ ಎರಡು ಬದಲಾವಣೆಗಳನ್ನು ಒಟ್ಟಿಗೆ ತಂದಿತು. ಮುಂದಿನ ಮೂರು ತುಂಡುಗಳನ್ನು ತೋರಿಸಿತು. ಕೈಯಲ್ಲಿರುವ ತುಂಡನ್ನು ಬದಿಗಿಟ್ಟು ಆಮೇಲೆ ಬಳಸುವ ಹೋಲ್ಡ್ ಸೌಲಭ್ಯ ಕೊಟ್ಟಿತು. ಹೋಲ್ಡ್ ಇದ್ದರೆ ಕಡ್ಡಿ-ಚೌಕದ ಸಂದಿಗ್ಧವೇ ಕರಗಿಹೋಗುತ್ತದೆ. ಕಡ್ಡಿಯನ್ನು ಬದಿಗಿಡಿ, ಚೌಕವನ್ನು ತಗ್ಗಿಗೆ ಕೂರಿಸಿ, ಕಡ್ಡಿಯನ್ನು ವಾಪಸು ತೆಗೆದು ಬಾವಿಗೆ ಇಳಿಸಿ, ನಾಲ್ಕು ಸಾಲು ಕೈಗೆ ಬಂತು. ಸರದಿಯನ್ನು ಬರೀ ನೋಡುತ್ತಿದ್ದವರಿಗೆ ಅದನ್ನು ಹಿಂದೆ ಮುಂದೆ ಮಾಡುವ ಅಧಿಕಾರವೂ ಸಿಕ್ಕಿತು.

ಆಮೇಲೆ ಸರದಿ ಉದ್ದವಾಗುತ್ತಲೇ ಹೋಯಿತು. ಗ್ರ್ಯಾಂಡ್ ಮಾಸ್ಟರ್‌ನ ಮೊದಲ ಆಟ ಒಂದನ್ನೇ ತೋರಿಸುತ್ತಿದ್ದರೆ, 2005ರ ಮೂರನೆಯ ಆಟ ಮೂರನ್ನು ತೋರಿಸಿ ಹೋಲ್ಡನ್ನೂ ಸೇರಿಸಿತು. ಪುಯೋ ಪುಯೋ ಟೆಟ್ರಿಸ್, ಬ್ರೌಸರಿನಲ್ಲಿ ಆಡುವ ಟೆಟ್ರ್ ಡಾಟ್ ಐಓ ಐದನ್ನು ತೋರಿಸುತ್ತವೆ. ಟೆಟ್ರಿಸ್ 99 ಆರನ್ನು. ಚೀಲದ ವಿಧಾನದ ಜೊತೆ ಐದರ ಸರದಿ ಸೇರಿದಾಗ ಇನ್ನೊಂದು ಲಾಭವಿದೆ. ಕೈಯಲ್ಲಿರುವುದು ಹೊಸ ಚೀಲದ ಮೊದಲ ತುಂಡಾದರೆ ಅದನ್ನೂ ಸೇರಿಸಿ ಆರು ಕಣ್ಣೆದುರೇ ಇರುತ್ತವೆ. ಏಳನೆಯದು ಯಾವುದೆಂದು ಪರದೆ ಹೇಳದಿದ್ದರೂ ಕಳೆಯುವ ಲೆಕ್ಕದಿಂದ ಗೊತ್ತಾಗಿಬಿಡುತ್ತದೆ. ಇಬ್ಬರು ಎದುರಾಳಿಗಳಾಗಿ ಆಡುವ ಪಂದ್ಯಗಳಲ್ಲಿ ಮೊದಲ ಕೆಲವು ಚೀಲಗಳಿಗೆ ಸಿದ್ಧ ಜೋಡಣೆಗಳನ್ನು ಬಾಯಿಪಾಠ ಮಾಡಿಕೊಂಡು ಬರಲು ಸಾಧ್ಯವಾದದ್ದು ಇದರಿಂದಲೇ.

ಇಷ್ಟು ಉದ್ದದ ಸರದಿ ಆಟಕ್ಕೆ ಒಳ್ಳೆಯದೇ ಎಂಬ ಬಗ್ಗೆ ಆಟಗಾರರಲ್ಲಿ ಎರಡು ಮಾತಿದೆ. ಪಂದ್ಯದ ಆಟಕ್ಕೆ ಐದು ಬೇಕೇಬೇಕು. ಸೆಕೆಂಡಿಗೆ ಎರಡು ಮೂರು ತುಂಡು ಇಳಿಸುವವರಿಗೆ ಒಂದೇ ಒಂದು ಮುನ್ನೋಟ ಕಣ್ಣು ಮಿಟುಕಿಸುವಷ್ಟರಲ್ಲಿ ಹಳತಾಗುತ್ತದೆ. ಒಬ್ಬರೇ ಕೂತು ನಿಧಾನವಾಗಿ ಆಡುವವರಿಗೆ ಮಾತ್ರ ಬ್ರಿಕ್ ಗೇಮಿನ ಒಂಟಿ ನೆಕ್ಸ್ಟೇ ಹದವಾದ ಅಳತೆ ಎನ್ನಬೇಕು. ಅದರಲ್ಲಿ ಯೋಜನೆಗೆ ಎಡೆಯಿದೆ, ಕೆಟ್ಟ ತುಂಡನ್ನು ಸಂಭಾಳಿಸುವ ಕುಶಲತೆಗೂ ಎಡೆಯಿದೆ.

ವೇಗ, ಕಣ್ಣು, ಕಿವಿ

ನಿಂಟೆಂಡೋದ 1989ರ ಟೆಟ್ರಿಸ್‌ನಲ್ಲಿ 29ನೆಯ ಹಂತ ತಲುಪಿದರೆ ತುಂಡು ಪರದೆಯ ಪ್ರತಿ ಚೌಕಟ್ಟಿಗೆ ಒಂದು ಮನೆ ಇಳಿಯುತ್ತದೆ. ಸೆಕೆಂಡಿಗೆ 60 ಚೌಕಟ್ಟು ಎಂದರೆ 20 ಮನೆ ದಾಟಲು ಸೆಕೆಂಡಿನ ಮೂರನೆಯ ಒಂದು ಪಾಲು ಸಾಕು. ತುಂಡು ಕಾಣಿಸಿಕೊಂಡ ಮೇಲೆ ಯೋಚಿಸಿದರೆ ಅದು ಆಗಲೇ ನೆಲಕ್ಕೆ ಮುಟ್ಟಿರುತ್ತದೆ. ಹಾಗಾಗಿ ತೀರ್ಮಾನ ಪೂರ್ತಿಯಾಗಿ ಮುನ್ನೋಟದ ಚೌಕದಲ್ಲೇ ಆಗಬೇಕು. ಕೈ ಈಗಿನ ತುಂಡನ್ನು ಕೂರಿಸುತ್ತಿರುತ್ತದೆ, ತಲೆ ಮುಂದಿನದರ ಜಾಗ ಗೊತ್ತುಮಾಡುತ್ತಿರುತ್ತದೆ. ಬಹುಕಾಲ ಈ ಹಂತವನ್ನು ಮನುಷ್ಯರು ದಾಟಲಾರರು ಎಂದೇ ನಂಬಲಾಗಿತ್ತು. 2023ರ ಡಿಸೆಂಬರಿನಲ್ಲಿ ಅಮೆರಿಕದ ಓಕ್ಲಹೋಮಾದ 13 ವರ್ಷದ ಹುಡುಗನೊಬ್ಬ 157ನೆಯ ಹಂತದವರೆಗೆ ಆಡಿ, ಆಟದ ತಂತ್ರಾಂಶವೇ ಸ್ತಬ್ಧವಾಗುವಂತೆ ಮಾಡಿದ. ಗುಂಡಿಯನ್ನು ಒತ್ತುವ ಹೊಸ ಬೆರಳುತಂತ್ರಕ್ಕೆ ಈ ಸಾಧನೆಯ ಶ್ರೇಯ ಸಲ್ಲುತ್ತದೆ. ಆ ಬೆರಳುಗಳಿಗೆ ಮುಂಚಿತವಾಗಿ ಅಪ್ಪಣೆ ಕೊಡುತ್ತಿದ್ದ ಪುಟ್ಟ ಚೌಕಕ್ಕೂ ಅದರಲ್ಲಿ ಪಾಲಿದೆ.

ಗ್ರ್ಯಾಂಡ್ ಮಾಸ್ಟರ್ ಆಟದ ಮೇಲಿನ ಹಂತಗಳಲ್ಲಿ ಬೀಳುವ ಕ್ರಿಯೆಯೇ ಇರುವುದಿಲ್ಲ. ತುಂಡು ಹುಟ್ಟಿದ ಕ್ಷಣವೇ ರಾಶಿಯ ಮೇಲೆ ಕೂತಿರುತ್ತದೆ. ಅದಕ್ಕಾಗಿ ಅರಿಕಾದವರು ಮೂರು ಒಳ್ಳೆಯ ಉಪಾಯ ಮಾಡಿದರು. ಮುನ್ನೋಟವನ್ನು ಪಕ್ಕದಿಂದ ತೆಗೆದು ಅಂಕಣದ ನೆತ್ತಿಯ ಮೇಲಿಟ್ಟರು, ಕಣ್ಣು ದೂರ ಓಡಬೇಕಾಗಿಲ್ಲ. ತುಂಡು ಹುಟ್ಟುವ ಮೊದಲೇ ತಿರುಗಿಸುವ ಗುಂಡಿ ಒತ್ತಿಹಿಡಿದರೆ ತಿರುಗಿಕೊಂಡೇ ಹುಟ್ಟುವಂತೆ ಮಾಡಿದರು. ಮುನ್ನೋಟದಲ್ಲಿ ಬರುವ ಏಳು ತುಂಡುಗಳಿಗೂ ಒಂದೊಂದು ಬೇರೆ ಸದ್ದು ಕೊಟ್ಟರು. ಪಳಗಿದವರು ಮುಂದಿನ ತುಂಡನ್ನು ನೋಡದೆ ಕಿವಿಯಿಂದಲೇ ಗುರುತಿಸಬಲ್ಲರು. ಮುನ್ನೋಟದ ವಿನ್ಯಾಸದಲ್ಲಿ ಇಷ್ಟು ಆಳಕ್ಕೆ ಇಳಿದ ಇನ್ನೊಂದು ಆಟ ಸಿಗುವುದು ಕಷ್ಟ.

ಡೇವಿಡ್ ಕರ್ಷ್ ಮತ್ತು ಪಾಲ್ ಮ್ಯಾಗ್ಲಿಯೊ 1994ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನವೊಂದು ಇಲ್ಲಿ ನೆನಪಿಗೆ ಬರುತ್ತದೆ. ಟೆಟ್ರಿಸ್ ಆಡುವವರು ಅಗತ್ಯಕ್ಕಿಂತ ಹೆಚ್ಚು ಸಲ ತುಂಡನ್ನು ತಿರುಗಿಸುತ್ತಾರೆ. ಅದು ಕೈತಪ್ಪಲ್ಲ, ಮನಸ್ಸಿನಲ್ಲಿ ತಿರುಗಿಸುವುದಕ್ಕಿಂತ ಪರದೆಯ ಮೇಲೆ ತಿರುಗಿಸಿ ನೋಡುವುದು ಬೇಗ ಆಗುತ್ತದೆ ಎಂದು ಅವರು ತೋರಿಸಿದರು. ಮುನ್ನೋಟದ ತುಂಡಿಗೆ ಈ ಅನುಕೂಲ ಇಲ್ಲ. ಅದು ಒಂದೇ ಭಂಗಿಯಲ್ಲಿ ಕೂತಿರುತ್ತದೆ, ತಿರುಗಿಸುವ ಕೆಲಸವೆಲ್ಲ ತಲೆಯೊಳಗೇ ಆಗಬೇಕು. ಹೊಸಬರು ನೆಕ್ಸ್ಟ್ ಚೌಕವನ್ನು ವಾರಗಟ್ಟಲೆ ನೋಡದೆಯೇ ಆಡುವುದಕ್ಕೆ ಇದೂ ಒಂದು ಕಾರಣವಿರಬಹುದು.

ಫೋನಿನಲ್ಲಿ ಆಡುವವರಿಗೆ ಜಾಗದ ಇಕ್ಕಟ್ಟು ಬೇರೆ. ಉದ್ದನೆಯ ಪರದೆಯ ಅಗಲವನ್ನೆಲ್ಲ ಅಂಕಣವೇ ತಿಂದುಹಾಕುವುದರಿಂದ ಮುನ್ನೋಟ ಮೇಲಿನ ಪಟ್ಟಿಗೆ ಸರಿಯುತ್ತದೆ. ಕಲ್ಯಾಣಿನಿಂದ ಸಿಎಸ್‌ಎಂಟಿವರೆಗಿನ 54 ಕಿಲೋಮೀಟರನ್ನು ನಿಂತುಕೊಂಡೇ ದಾಟುವವರು ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಫೋನ್ ಹಿಡಿದು ಹೆಬ್ಬೆರಳಿನಿಂದ ಆಡುವಾಗ, ಆ ಬೆರಳು ಪರದೆಯ ಕೆಳಭಾಗವನ್ನು ಮುಚ್ಚಿರುತ್ತದೆ. ಮೇಲಿನ ಪಟ್ಟಿಯ ಮುನ್ನೋಟ ಮಾತ್ರ ಮರೆಯಾಗುವುದಿಲ್ಲ.

ಉಳಿದ ಆಟಗಳಲ್ಲಿ

1990ರ ಡಾಕ್ಟರ್ ಮಾರಿಯೋದಲ್ಲಿ ಮುಂದಿನ ಮಾತ್ರೆಯನ್ನು ಮಾರಿಯೋ ತನ್ನ ಕೈಯಲ್ಲೇ ಹಿಡಿದು ನಿಂತಿರುತ್ತಾನೆ. ಮುನ್ನೋಟ ಅಲ್ಲಿ ಕಥೆಯ ಭಾಗ. ಪುಯೋ ಪುಯೋ ಸರಣಿಯಲ್ಲಿ ಬಣ್ಣದ ಗುಂಡುಗಳು ಜೋಡಿಯಾಗಿ ಬೀಳುತ್ತವೆ. ಒಂದು ಸ್ಫೋಟ ಇನ್ನೊಂದನ್ನು ಹೊತ್ತಿಸುವ ಸರಪಳಿ ಕಟ್ಟುವುದೇ ಗುರಿಯಾದ್ದರಿಂದ ಮುಂದಿನ ಎರಡು ಜೋಡಿಗಳನ್ನು ತೋರಿಸುವ ರೂಢಿ ಬೆಳೆಯಿತು. 2004ರ ಲ್ಯೂಮಿನಸ್ ಮೂರನ್ನು ತೋರಿಸುತ್ತದೆ. ಅಟಾರಿಯ ಕ್ಲ್ಯಾಕ್ಸ್‌ನಲ್ಲಿ ಪ್ರತ್ಯೇಕ ಚೌಕದ ಅಗತ್ಯವೇ ಇಲ್ಲ. ಬಿಲ್ಲೆಗಳು ಐದು ಓಣಿಗಳ ಪಟ್ಟಿಯ ಮೇಲೆ ದೂರದಿಂದ ಉರುಳಿಕೊಂಡು ಬರುವುದು ಕಾಣುತ್ತಲೇ ಇರುತ್ತದೆ, ಕೈಹಲಗೆಯಲ್ಲಿ ಐದನ್ನು ಹಿಡಿದಿಟ್ಟುಕೊಳ್ಳಲೂಬಹುದು.

ಇವಕ್ಕೆಲ್ಲ ವಿರುದ್ಧ ದಿಕ್ಕಿನಲ್ಲಿ ನಿಂತಿರುವುದು 2010ರ ಹೇಟ್ರಿಸ್. ರಾಶಿಯನ್ನು ನೋಡಿ, ಆಡುವವನಿಗೆ ಅತ್ಯಂತ ಕೆಟ್ಟದಾಗುವ ತುಂಡನ್ನೇ ಪ್ರತಿ ಸಲ ಆರಿಸಿ ಕೊಡುವ ಆಟ ಅದು. ಅಲ್ಲಿ ಮುನ್ನೋಟ ಇಲ್ಲ, ಇರುವಂತೆಯೂ ಇಲ್ಲ. ಈಗಿನ ತುಂಡು ಎಲ್ಲಿ ಕೂರುತ್ತದೆಂದು ನೋಡಿದ ಮೇಲೆಯೇ ಯಂತ್ರ ಮುಂದಿನದನ್ನು ನಿರ್ಧರಿಸಬೇಕಲ್ಲ. ಮುನ್ನೋಟ ತೋರಿಸುವುದೆಂದರೆ ಯಂತ್ರ ತನ್ನ ಮಾತಿಗೆ ಮೊದಲೇ ಕಟ್ಟುಬೀಳುವುದು ಎಂಬುದನ್ನು ಈ ಆಟ ಚೆನ್ನಾಗಿ ತಿಳಿಸಿಕೊಡುತ್ತದೆ.

ಎಲ್ಲ ಗೊತ್ತಿದ್ದರೂ

ಒಂದಲ್ಲ, ಐದಲ್ಲ, ಬರಲಿರುವ ಅಷ್ಟೂ ತುಂಡುಗಳ ಪಟ್ಟಿಯನ್ನು ಆಟಕ್ಕೆ ಮೊದಲೇ ಕೈಗೆ ಕೊಟ್ಟರೆ? ಅಮೆರಿಕದ ಎಂಐಟಿಯ ಎರಿಕ್ ಡಿಮೇನ್, ಸೂಸನ್ ಹೋಹೆನ್‌ಬರ್ಗರ್, ಡೇವಿಡ್ ಲಿಬೆನ್-ನೋವೆಲ್ 2002ರಲ್ಲಿ ಇದನ್ನೇ ಗಣಿತದ ಪ್ರಶ್ನೆಯಾಗಿ ಎತ್ತಿಕೊಂಡರು. ಪಟ್ಟಿ ಪೂರ್ತಿ ತಿಳಿದಿದ್ದರೂ, ಹೆಚ್ಚಿನ ಸಾಲುಗಳನ್ನು ಅಳಿಸುವ ಅತ್ಯುತ್ತಮ ದಾರಿ ಹುಡುಕುವುದು ಎನ್‌ಪಿ-ಪೂರ್ಣ ಎಂಬ ಕಠಿಣ ವರ್ಗಕ್ಕೆ ಸೇರುತ್ತದೆ ಎಂದು ಸಾಧಿಸಿದರು. ಯಾವ ಗಾತ್ರದ ಅಂಕಣಕ್ಕಾದರೂ, ಎಷ್ಟು ಉದ್ದದ ಪಟ್ಟಿಗಾದರೂ ಬೇಗ ಉತ್ತರ ಕೊಡುವ ಸಾಮಾನ್ಯ ವಿಧಾನ ಇಂದಿಗೂ ಯಾರಿಗೂ ಗೊತ್ತಿಲ್ಲ. ಉತ್ತಮಕ್ಕೆ ಹತ್ತಿರ ಹೋಗುವುದೂ ಅಷ್ಟೇ ಕಷ್ಟ ಎಂದು ಅದೇ ಪ್ರಬಂಧ ಹೇಳುತ್ತದೆ.

ಹೈಡಿ ಬರ್ಗೀಲ್ 1997ರಲ್ಲಿ ತೋರಿಸಿಕೊಟ್ಟದ್ದು ಇನ್ನೂ ನಿಷ್ಠುರ ಸತ್ಯ. ಎಸ್ ಮತ್ತು ಜೆಡ್ ತುಂಡುಗಳು ಒಂದಾದ ಮೇಲೊಂದರಂತೆ ಬರುತ್ತಲೇ ಇದ್ದರೆ, ಸುಮಾರು 70,000 ತುಂಡುಗಳೊಳಗೆ ಎಂಥ ಆಟಗಾರನೂ ಸೋಲಲೇಬೇಕು. ಏನು ಬರುತ್ತಿದೆ ಎಂದು ಖಚಿತವಾಗಿ ತಿಳಿದಿದ್ದರೂ ಆ ಸೋಲು ತಪ್ಪುವುದಿಲ್ಲ. ಹಿಂದುಮುಂದು ನೋಡದೆ ಚೀಟಿ ಎತ್ತುವ ಯಂತ್ರದಲ್ಲಿ ಇಂಥ ಸಾಲು ಎಂದಾದರೊಮ್ಮೆ ಬಂದೇ ಬರಬೇಕು. ಚೀಲದ ವಿಧಾನದಲ್ಲಿ ಅದು ಬರಲಾರದು.

ಕಂಪ್ಯೂಟರುಗಳನ್ನೇ ಆಟಕ್ಕೆ ಕೂರಿಸಿದವರು ಮುನ್ನೋಟದ ಬೆಲೆಯನ್ನು ಬೇರೆ ರೀತಿಯಲ್ಲಿ ಅಳೆದರು. ಪಿಯೆರ್ ಡೆಲಾಶೆರಿಯ ವಿಧಾನ ಮುನ್ನೋಟವನ್ನೇ ನೋಡದೆ, ಈಗಿನ ತುಂಡಿನಿಂದಷ್ಟೇ ತೀರ್ಮಾನಿಸಿ ಸರಾಸರಿ ಹಲವು ಲಕ್ಷ ಸಾಲುಗಳನ್ನು ಅಳಿಸಿತು. ಮುಂದಿನ ಒಂದು ತುಂಡನ್ನು ಲೆಕ್ಕಕ್ಕೆ ತೆಗೆದುಕೊಂಡ ಪ್ರೋಗ್ರಾಮ್‌ಗಳು ದಶಲಕ್ಷಗಳಿಗೆ ಏರಿದವು. ಯಂತ್ರಕ್ಕೆ ಕಣ್ಣು ಓಡಿಸುವ ದಣಿವಿಲ್ಲ, ಗಡಿಬಿಡಿಯಿಲ್ಲ. ಹಾಗಾಗಿ ಈ ವ್ಯತ್ಯಾಸ ಬಹುಮಟ್ಟಿಗೆ ಮಾಹಿತಿಯಿಂದ ಬಂದದ್ದು.

ನ್ಯಾಯಾಲಯದ ತೀರ್ಪು

ಮುನ್ನೋಟ ಯಾರ ಸ್ವತ್ತು ಎಂಬ ಪ್ರಶ್ನೆಯೂ ಒಮ್ಮೆ ಎದ್ದಿತು. ಟೆಟ್ರಿಸ್ ಹೋಲ್ಡಿಂಗ್ ಸಂಸ್ಥೆ, ತನ್ನ ಆಟವನ್ನು ನಕಲು ಮಾಡಿದ್ದಾರೆಂದು ಕ್ಸಿಯೋ ಇಂಟರಾಕ್ಟಿವ್ ಎಂಬ ಕಂಪನಿಯ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಅಮೆರಿಕದ ನ್ಯೂಜೆರ್ಸಿಯ ಫೆಡರಲ್ ನ್ಯಾಯಾಲಯ 2012ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿತು. ಸಾಲು ತುಂಬಿದರೆ ಅಳಿಯಬೇಕು ಎಂಬಂಥ ನಿಯಮಗಳು ಯಾರ ಸೊತ್ತೂ ಅಲ್ಲ. ಆದರೆ ಅಂಕಣದ ಅಳತೆ, ತುಂಡು ಬೀಳುವ ಜಾಗದ ನೆರಳು, ಮುಂದಿನ ತುಂಡನ್ನು ತೋರಿಸುವ ರೀತಿ ಮೊದಲಾದವು ಅಭಿವ್ಯಕ್ತಿಗೆ ಸೇರಿದವು, ಅವುಗಳಿಗೆ ಕೃತಿಸ್ವಾಮ್ಯದ ರಕ್ಷಣೆ ಇದೆ ಎಂದಿತು. ಮುನ್ನೋಟವನ್ನು ಬರೀ ಅಲಂಕಾರದ ಸಾಲಿಗೆ ಸೇರಿಸಿದ ಈ ಮಾತು ಒಪ್ಪುವುದು ಕಷ್ಟ. ಅದು ಆಟದ ನಿಯಮದಷ್ಟೇ ಆಳವಾಗಿ ಆಡುವ ಕ್ರಮವನ್ನು ಬದಲಿಸುತ್ತದೆ ಎಂಬುದು ಈವರೆಗೆ ಹೇಳಿದ್ದರಿಂದಲೇ ಸ್ಪಷ್ಟ.

ಆ ತೀರ್ಪು ಭಾರತದ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ಕಲ್ಪನೆಗೆ ರಕ್ಷಣೆಯಿಲ್ಲ, ಅದನ್ನು ಮೂಡಿಸಿದ ರೂಪಕ್ಕೆ ಮಾತ್ರ ಇದೆ ಎಂಬ ತತ್ವವನ್ನು ನಮ್ಮ ಸುಪ್ರೀಂ ಕೋರ್ಟೂ 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಹೀಗಾಗಿ ನವಿ ಮುಂಬಯಿಯ ಮಹಾಪೆಯಲ್ಲೋ ಐರೋಲಿಯಲ್ಲೋ ಕೂತು ಬೀಳುವ ಇಟ್ಟಿಗೆಗಳ ಹೊಸ ಆಟ ಬರೆಯುವ ತರುಣರು ಮುನ್ನೋಟದ ಕಲ್ಪನೆಯನ್ನು ಧಾರಾಳವಾಗಿ ಬಳಸಬಹುದು. ಅದನ್ನು ಎಲ್ಲಿ, ಯಾವ ಆಕಾರದಲ್ಲಿ, ಎಷ್ಟು ತುಂಡುಗಳಿಗೆ, ಯಾವ ಸದ್ದಿನೊಂದಿಗೆ ತೋರಿಸಬೇಕು ಎಂಬುದನ್ನು ಮಾತ್ರ ತಾವೇ ಹೊಸದಾಗಿ ಯೋಚಿಸಬೇಕು.